ನಾನು ನೋಡುತ್ತಿದ್ದ ಪೇಷೆಂಟ್ ಆತ್ಮಹತ್ಯೆ ಮಾಡಿಕೊಂಡರು. ನೀವೆಲ್ಲ ಹೇಗೆ ತಡೆದುಕೊಂಡಿರಿ?

ಗಿರಿ_ಕೌನ್ಸೆಲರ್, ಚಿಕ್ಕಮಗಳೂರು
ನಾಲ್ಕು ವರ್ಷದಿಂದ ಕೌನ್ಸೆಲಿಂಗ್ ಮಾಡುತ್ತಿದ್ದೇನೆ, ಹೀಗಾಗಿದ್ದು ಇದೇ ಮೊದಲು. ಕಾಫಿ ತೋಟದವರು (ಊರಿನ ಹೆಸರು ಈಗ ತೆಗೆದೆ). ಡಿಸ್ಚಾರ್ಜ್ ಆಗಿ ಒಂಬತ್ತು ದಿನ. ಕೊನೇ ಸಲ ಬಂದಾಗ ನಕ್ಕು ಮಾತಾಡಿ, "ಮುಂದಿನ ಸಲ ಮನೆ ಮೆಣಸು ತರುತ್ತೇನೆ ಮೇಡಂ" ಅಂದಿದ್ದರು. ಸುದ್ದಿ ತಿಳಿದ ದಿನದಿಂದ ಅವರ ಫೈಲ್ ತೆಗೆದು ತೆಗೆದು ಓದುತ್ತಿದ್ದೇನೆ. ಆಫೀಸಿನಲ್ಲಿ ಕೇಳಿದ್ದು ಒಂದೇ ಮಾತು, ನೋಟ್ಸ್ ಸರಿಯಾಗಿದೆಯಾ ಅಂತ. ಮನೆಯವರನ್ನು ನೋಡಲು ಹೋಗಬಹುದಾ?

ಹಾಸನದ_ಡಾಕ್ಟ್ರು
ಊರು ತೆಗೆದಿದ್ದು ಒಳ್ಳೆಯದಾಯಿತು, ನಮ್ಮ ಕಡೆ ಅಷ್ಟು ಹೇಳಿದರೆ ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ. ಫೈಲಿಗೆ ಈಗ ಒಂದಕ್ಷರವನ್ನೂ ಸೇರಿಸಬೇಡಿ, ತಿದ್ದಬೇಡಿ. ಒಬ್ಬರೇ ಕೂತು ಓದುವುದನ್ನೂ ನಿಲ್ಲಿಸಿ. ಸೀನಿಯರ್ ಒಬ್ಬರ ಜೊತೆ ಕೂತು ಓದಿ. ಮುಗಿದ ಮೇಲೆ ನೋಡಿದರೆ ಎಲ್ಲವೂ ಸುಳಿವಿನಂತೆ ಕಾಣುತ್ತದೆ, ಆ ಮೆಣಸಿನ ಮಾತು ಕೂಡ. ನನಗೂ ಹೀಗಾಗಿತ್ತು. ಆರು ತಿಂಗಳು ಯಾರು ಸ್ವಲ್ಪ ಬೇಜಾರು ಅಂದರೂ ಹೆದರಿ ಅಡ್ಮಿಟ್ ಮಾಡುತ್ತಿದ್ದೆ.
ಮನೆಗೆ ಹೋಗಬಹುದು, ಮೊದಲು ಅವರನ್ನು ಕೇಳಿ. ಆದರೆ ಪೇಷೆಂಟ್ ಒಳಗೆ ನಿಮ್ಮ ಹತ್ತಿರ ಹೇಳಿದ್ದನ್ನು ಅಲ್ಲಿ ಹೇಳಬೇಡಿ. ಸುಮ್ನೆ ಕೂತು ಬನ್ನಿ.

ಎಸ್ಟೇಟ್_ಹುಡುಗ
ಮನಸ್ಸು ಗಟ್ಟಿ ಮಾಡಿಕೊಳ್ಳಿ ಮೇಡಂ, ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ ಅಲ್ವಾ.

ವಾರ್ಡ್_ಸಿಸ್ಟರ್
ಇದ್ದದ್ದೇ ಅಂತ ಹೇಳಿ ಹೇಳಿಯೇ ನಮ್ಮಲ್ಲಿ ಇಬ್ಬರು ಕೆಲಸ ಬಿಟ್ಟರು.
ಡಿಸ್ಚಾರ್ಜ್ ಆದ ಮೊದಲ ವಾರಗಳಲ್ಲೇ ಅಪಾಯ ಜಾಸ್ತಿ. ನಾವು ಈಗ ಮೂರನೇ ದಿನಕ್ಕೇ ಫೋನ್ ಮಾಡುತ್ತೇವೆ. "ಸಾಯಬೇಕು ಅನಿಸುತ್ತಿದೆಯಾ" ಅಂತ ನೇರವಾಗಿಯೇ ಕೇಳುತ್ತೇವೆ, ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. "ಏನೂ ಮಾಡಿಕೊಳ್ಳಲ್ಲ" ಅಂತ ಆಣೆ ಹಾಕಿಸುವುದನ್ನು ಬಿಟ್ಟೆವು, ಅದನ್ನು ನಂಬಿ ಕೂರುವ ಹಾಗಿಲ್ಲ. ಅದರ ಬದಲು ಒಂದು ಚೀಟಿ: ಮನಸ್ಸು ಕೆಟ್ಟಾಗ ಏನು ಮಾಡುವುದು, ಯಾರಿಗೆ ಫೋನ್ ಮಾಡುವುದು, ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ. ತೋಟದ ಮನೆಯಾದರೆ ಗಿಡಕ್ಕೆ ಹೊಡೆಯುವ ಔಷಧಿಯ ಸ್ಟೋರಿಗೆ ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ ಅಂತಲೂ ಮನೆಯವರಿಗೆ ಹೇಳುತ್ತೇವೆ.
ನಿಮಗೇ ನಿದ್ದೆ ಬರದಿದ್ದರೆ ಅದೇ ನಂಬರಿಗೆ ಮಾಡಿ. ನಾನೂ ಒಮ್ಮೆ ಮಾಡಿದ್ದೇನೆ.

ಗಿರಿ_ಕೌನ್ಸೆಲರ್
ಫೈಲನ್ನು ಸೀನಿಯರ್ ಮೇಡಂ ಕೈಗೆ ಕೊಟ್ಟೆ, ಶುಕ್ರವಾರ ಇಬ್ಬರೂ ಕೂರುತ್ತೇವೆ. ತೀರಿಹೋದವರ ಮಗಳು "ಬನ್ನಿ" ಅಂದರು. ಅದಕ್ಕಿಂತ ಮೊದಲು ನಾಳೆ ಹತ್ತು ಗಂಟೆಗೆ ಇನ್ನೊಬ್ಬ ಪೇಷೆಂಟ್ ಇದ್ದಾರೆ, ಅದೇ ಕುರ್ಚಿ. ಸಿಸ್ಟರ್, ಆ ಚೀಟಿಯಲ್ಲಿ ಏನೇನು ಬರೆಯುತ್ತೀರಿ, ಒಂದು ಫೋಟೋ ಹಾಕುತ್ತೀರಾ?