ಆಟದ ‘ಇಂಟಿಮಿಡೇಷನ್’ಗೆ ‘ಬೆದರಿಕೆ’ ಸಾಕೇ?

ಬಳಗದವರಿಗೆ ನಮಸ್ಕಾರ.

ಇಂಗ್ಲಿಷಿನ ‘ಇಂಟಿಮಿಡೇಷನ್’ಗೆ, ಅಂದರೆ ಎದುರಿನವನನ್ನು ಅಳುಕಿಸಿ ಮಣಿಸುವ ಕೌಶಲಕ್ಕೆ, ಒಂದು ಕನ್ನಡ ಪದ ಬೇಕಾಗಿದೆ. ಸಂದರ್ಭ ತಿಳಿಸದೆ ಕೇಳಿದರೆ ‘ಬೆದರಿಕೆ’ ಎಂಬ ಉತ್ತರ ಬರುತ್ತದೆ. ನಾನೂ ಅದನ್ನೇ ಬರೆದುಕೊಂಡಿದ್ದೆ, ಈಗ ಅದು ಒಗ್ಗುತ್ತಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮನೆಯ ಮಕ್ಕಳ ಜೊತೆ ಭಾನುವಾರಗಳಂದು ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಆಡುತ್ತೇನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಅನ್ನುವುದು 20 ಮುಖದ ದಾಳದ ಮೇಲಿದೆ. ನಮ್ಮ ಆಟ ಪೂರ್ತಿ ಕನ್ನಡದಲ್ಲಿ ನಡೆಯುವುದರಿಂದ ಪಾತ್ರದ ಗುಣ, ಕೌಶಲ, ಅಂಕಗಳನ್ನು ಬರೆದಿಡುವ ಹಾಳೆಯನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ‘ಕರಿಸ್ಮಾ’ ಎಂಬ ಗುಣಕ್ಕೆ ‘ವರ್ಚಸ್ಸು’ ಹೇಳಿ ಮಾಡಿಸಿದ ಹಾಗೆ ಕೂತಿತು. ಅದರಡಿ ನಾಲ್ಕು ಕೌಶಲಗಳಿವೆ. ‘ಪರ್ಸುವೇಷನ್’ಗೆ ಮನವೊಲಿಕೆ, ‘ಡಿಸೆಪ್ಷನ್’ಗೆ ಮೋಸಗಾರಿಕೆ, ‘ಪರ್ಫಾರ್ಮೆನ್ಸ್’ಗೆ ಕಲೆಗಾರಿಕೆ ಎಂದು ಬರೆದೆ. ಉಳಿದದ್ದು ‘ಇಂಟಿಮಿಡೇಷನ್’.

ಕಳೆದ ವಾರ ಅಣ್ಣನ ಮಗಳ ಪಾತ್ರವನ್ನು ಕೋಟೆಬಾಗಿಲಲ್ಲಿ ಕಾವಲುಗಾರ ತಡೆದ. ಅವಳದು ಹಾಡುಗಾರ್ತಿಯ ಪಾತ್ರ. ಕತ್ತಿ ಹಿರಿಯಲಿಲ್ಲ, ದನಿ ಏರಿಸಲಿಲ್ಲ. ‘ನಿನ್ನ ಹೆಸರೇನು? ನಿನ್ನ ಮೇಲಿನವರು ಯಾರು?’ ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯುತ್ತಾ ಅವನನ್ನೇ ನೋಡುತ್ತ ನಿಂತಳು. ಒಟ್ಟು 15 ಬಂದರೆ ಬಾಗಿಲು ತೆರೆಯುತ್ತದೆ ಎಂದು ಕತೆ ನಡೆಸುವ ನಾನು ಹೇಳಿದೆ. ದಾಳದಲ್ಲಿ 11 ಬಿತ್ತು, ವರ್ಚಸ್ಸಿನದು 3, ಪಳಗಿದ ಕೌಶಲವಾದ್ದರಿಂದ ಇನ್ನೊಂದು 2. ಹದಿನಾರಾಯಿತು, ಬಾಗಿಲು ತೆರೆಯಿತು. ಅಂಕ ಬರೆದುಕೊಳ್ಳುವಾಗ ಹಾಳೆ ನೋಡಿ ಕೇಳಿದಳು: ‘ಚಿಕ್ಕಪ್ಪ, ನಾನು ಬೆದರಿಕೆ ಹಾಕ್ಲೇ ಇಲ್ವಲ್ಲ, ಮತ್ತೆ ಬೆದರಿಕೆ ಅಂತ ಯಾಕೆ ಬರ್ದಿದೀಯ?’

ಹುಡುಗಿ ಕೇಳಿದ್ದು ಸರಿಯಾಗಿಯೇ ಇದೆ. ಆ ರಾತ್ರಿಯಿಂದ ಇದೇ ತಲೆಯಲ್ಲಿ ಕೂತಿದೆ.

ಹೆದರು, ಬೆದರು ಎರಡೂ ತಾನೇ ಅನುಭವಿಸುವ ಕ್ರಿಯೆಗಳು. ದನ ಬೆದರಿ ಓಡಿತು ಎಂದರೆ ಯಾರೋ ಅದಕ್ಕೆ ಎಚ್ಚರಿಕೆ ಕೊಟ್ಟರು ಎಂದಲ್ಲ. ‘ಇಕೆ’ ಸೇರಿದ ಮೇಲೆ ಎರಡರ ದಾರಿ ಬೇರೆಯಾಗುತ್ತದೆ. ‘ಅವನಿಗೆ ಹೆದರಿಕೆ ಇದೆ’ ಎಂದರೆ ಭಯ ಅವನೊಳಗೇ ಇದೆ. ‘ಅವನಿಗೆ ಬೆದರಿಕೆ ಇದೆ’ ಎಂದರೆ ಇನ್ನಾರೋ ಅವನ ಬೆನ್ನು ಹತ್ತಿದ್ದಾರೆ. ಅವನು ಹೆದರದೆಯೂ ಇರಬಹುದು. ನಾಚಿಕೆ, ಅಂಜಿಕೆ, ನಂಬಿಕೆ, ಹೆದರಿಕೆ ಎಲ್ಲವೂ ಅನುಭವಿಸುವವನ ಕಡೆ ಉಳಿದಿರುವಾಗ ಬೆದರಿಕೆಯೊಂದು ಮಾಡುವವನ ಕಡೆಗೆ ದಾಟಿದೆ. ದಾಟಿದ್ದಕ್ಕೆ ನನ್ನ ತಕರಾರಿಲ್ಲ. ಮನವೊಲಿಕೆಯೂ ಹಾಗೆ ದಾಟಿದ ಪದವೇ: ಒಲಿಯುವುದು ಕೇಳುವವನ ಮನಸ್ಸು, ಪದ ಮಾತ್ರ ಒಲಿಸುವವನದು.

ತಕರಾರು ಇರುವುದು ಬೆದರಿಕೆ ಒಂದು ವಸ್ತುವಾಗಿಬಿಟ್ಟಿದೆ ಎನ್ನುವುದರ ಬಗ್ಗೆ. ಅದನ್ನು ಹಾಕುತ್ತೇವೆ, ಒಡ್ಡುತ್ತೇವೆ, ಬೆದರಿಕೆ ಕರೆ ಬಂತು ಎನ್ನುತ್ತೇವೆ. ‘ಅವನಿಗೆ ಬೆದರಿಕೆ ಚೆನ್ನಾಗಿ ಬರುತ್ತದೆ’ ಎಂದು ಯಾರೂ ಹೇಳುವುದಿಲ್ಲ. ಜೊತೆಗೆ ಈ ಪದಕ್ಕೆ ಪೊಲೀಸ್ ಠಾಣೆಯ ವಾಸನೆ ಹತ್ತಿದೆ. ಹಳೆಯ ದಂಡಸಂಹಿತೆಯ 506ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 351, ಪತ್ರಿಕೆಯ ‘ಜೀವ ಬೆದರಿಕೆ’ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಹಾಳೆಯ ಮೇಲೆ ಈ ಪದ ಕಂಡ ಮಕ್ಕಳು ನೇರವಾಗಿ ಚಾಕು ತೋರಿಸುತ್ತಾರೆ. ಬೇರೆ ದಾರಿ ಹೊಳೆಯುವುದೇ ಇಲ್ಲ.

ಆಟದ ನಿಯಮಗಳು ಏನನ್ನುತ್ತವೆ ಎಂದು ನೋಡಿದೆ. 2014ರ ಐದನೇ ಆವೃತ್ತಿ ಕೊಡುವ ಉದಾಹರಣೆಗಳು ಒರಟಾಗಿಯೇ ಇವೆ: ಸೆರೆಯಾಳಿನ ಬಾಯಿ ಬಿಡಿಸುವುದು, ಬೀದಿ ಪುಂಡರನ್ನು ಹಿಮ್ಮೆಟ್ಟಿಸುವುದು, ಒಡೆದ ಬಾಟಲಿ ಹಿಡಿದು ಮಂತ್ರಿಯ ತೀರ್ಮಾನ ಬದಲಿಸುವುದು. ಅದೇ ಪುಸ್ತಕದಲ್ಲಿ, ಬರೀ ಮೈಬಲ ತೋರಿಸಿ ಹೆದರಿಸುವ ಪಾತ್ರಕ್ಕೆ ವರ್ಚಸ್ಸಿನ ಬದಲು ಬಲದ ಅಂಕ ಕೊಡಬಹುದು ಎಂಬ ಪರ್ಯಾಯ ನಿಯಮವೂ ಇದೆ. 2024ರ ಪರಿಷ್ಕರಣೆ ಬೆದರಿಸುವುದರ ಜೊತೆಗೆ ಬೆರಗುಗೊಳಿಸಿ ಮಣಿಸುವುದನ್ನೂ ಸೇರಿಸಿಕೊಂಡಿದೆ. ನನಗೆ ತುಂಬ ಹಿಡಿಸಿದ್ದು 2003ರ ಮೂರೂವರೆ ಆವೃತ್ತಿಯ ನಿಯಮ. ಅಲ್ಲಿ ಹೆದರಿದವನು ನೀವು ಎದುರಿಗಿರುವಷ್ಟು ಹೊತ್ತು, ಹೋದ ಮೇಲೂ ಹತ್ತರಿಂದ ಅರವತ್ತು ನಿಮಿಷ, ಸ್ನೇಹಿತನಂತೆ ನಡೆದುಕೊಳ್ಳುತ್ತಾನೆ. ಅದು ಮುಗಿದ ಮೇಲೆ ನಿಮ್ಮನ್ನು ಕಂಡರೆ ಆಗದವನಾಗುತ್ತಾನೆ. ಮನವೊಲಿಕೆಗೂ ಇದಕ್ಕೂ ಇರುವ ಅಂತರ ಅಷ್ಟರಲ್ಲೇ ಇದೆ.

ಇದೆಲ್ಲ ನಮಗೆ ಹೊಸದೇನೂ ಅಲ್ಲ. ರನ್ನನ ಗದಾಯುದ್ಧದಲ್ಲಿ ಭೀಮನ ಗರ್ಜನೆ ಕೇಳಿ ಕೊಳದೊಳಗಿದ್ದ ದುರ್ಯೋಧನ ನೀರಲ್ಲಿದ್ದೂ ಬೆವರುತ್ತಾನೆ, ಕೊನೆಗೆ ಮೇಲೆದ್ದು ಬರುತ್ತಾನೆ. ಬಂದದ್ದು ಶರಣಾಗಲು ಅಲ್ಲ, ಗದೆ ಹಿಡಿಯಲು.

ಆಡುಮಾತಿನಲ್ಲಿ ಹುಡುಕಿದೆ. ಧಮ್ಕಿ, ಬೆಂಗಳೂರಿನ ‘ಆವಾಜ್ ಹಾಕು’ ಎರಡಕ್ಕೂ ಬಾಯಿ ಬೇಕು, ಅಬ್ಬರ ಬೇಕು. ಗುರಾಯಿಸು, ಕೆಕ್ಕರಿಸು ಬರೀ ಕಣ್ಣಿನ ಕೆಲಸ. ಗದರು ಅಪ್ಪ ಅಮ್ಮ ಮೇಷ್ಟ್ರುಗಳದು, ಅದರ ಹಿಂದೆ ಹಗೆ ಹುಟ್ಟುವುದಿಲ್ಲ. ದಬಾಯಿಸುವವನು ಎದುರಿನವನಿಗೆ ಮಾತಾಡಲೇ ಬಿಡುವುದಿಲ್ಲ, ಆದರೆ ನಮ್ಮ ಹಾಡುಗಾರ್ತಿ ಉತ್ತರಕ್ಕೆ ಕಾದಿದ್ದಳು. ಹೀಗೆ ಪ್ರತಿ ಪದವೂ ಒಂದೊಂದು ವಿಧಾನವನ್ನು ಹೆಸರಿಸುತ್ತದೆ. ನನಗೆ ಬೇಕಾದದ್ದು ಎಲ್ಲಕ್ಕೂ ಮೇಲಿನ ಹೆಸರು. ‘ಗತ್ತುಗಾರಿಕೆ’ ಬಹಳ ಹೊತ್ತು ಆಸೆ ಹುಟ್ಟಿಸಿತು, ‘ಗಾರಿಕೆ’ ಕಸುಬನ್ನೇ ಸೂಚಿಸುತ್ತದಲ್ಲ. ಆದರೆ ಗತ್ತು ಒಬ್ಬನೇ ನಿಂತಾಗಲೂ ಇರುತ್ತದೆ. ಎದುರಿನವನು ಮಣಿಯಲೇಬೇಕೆಂದಿಲ್ಲ. ‘ಬೆದರುಗಾರಿಕೆ’ ಎಂದು ಹೊಸದಾಗಿ ಕಟ್ಟಿದರೆ ಬೆದರುವವನ ಪುಕ್ಕಲುತನ ಎಂದೇ ಕೇಳಿಸುತ್ತದೆ.

ಆಮೇಲೆ ನಾಮಪದವೇ ಯಾಕೆ ಬೇಕು ಅನ್ನಿಸಿತು. ಆಡುವಾಗ ಮಕ್ಕಳು ಹೇಗೂ ಕ್ರಿಯಾಪದದಲ್ಲೇ ಹೇಳುತ್ತಾರೆ. ನಾಲ್ಕನ್ನೂ ‘ಇಸು’ ಹಚ್ಚಿ ಬರೆದರೆ: ಒಲಿಸು, ನಂಬಿಸು, ರಂಜಿಸು, ಅಂಜಿಸು. ಈ ನಾಲ್ಕರಲ್ಲೂ ಎದುರಿಗೆ ಇನ್ನೊಬ್ಬ ಇದ್ದೇ ಇರುತ್ತಾನೆ, ಅವನಲ್ಲಿ ಆಗುವ ಬದಲಾವಣೆಯೇ ಪದದ ಅರ್ಥ. ಚಾಕುವಿನಿಂದ ಅಂಜಿಸಿದೆಯೋ ಮೌನದಿಂದಲೋ ಎಂಬುದು ಆಡುವವರಿಗೆ ಬಿಟ್ಟದ್ದು. ಅಂಜು ಎನ್ನುವುದರಲ್ಲಿ ಬರೀ ಭಯವಿಲ್ಲ. ದೇವರಿಗೆ ಅಂಜುತ್ತೇವೆ, ಹಿರಿಯರಿಗೆ ಅಂಜಿ ನಡೆಯುತ್ತೇವೆ, ಲೋಕಕ್ಕೆ ಅಂಜುತ್ತೇವೆ. 2024ರ ನಿಯಮ ಹೇಳುವ ಬೆರಗು ಇಲ್ಲಿ ತಾನಾಗಿ ಬರುತ್ತದೆ. ಸೋತರೆ ಏನನ್ನಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸಿಬಿಟ್ಟಿದ್ದಾರೆ: ‘ಕಾವಲುಗಾರ ಸೊಪ್ಪು ಹಾಕಲಿಲ್ಲ.’

ಒಂದು ಅಳುಕಿದೆ. ನಮ್ಮ ಮೈಸೂರು ಕಡೆಯ ಮನೆಮಾತಿನಲ್ಲಿ ದಿನಬಳಕೆಗೆ ‘ಹೆದರಿಸು’ ಬರುತ್ತದೆ. ‘ಅಂಜಿಸು’ ಮಕ್ಕಳ ಕಿವಿಗೆ ಪಾಠಪುಸ್ತಕದ ಪದ. ಧಾರವಾಡ, ವಿಜಯಪುರದ ಕಡೆ ‘ಅಂಜಬ್ಯಾಡ’, ‘ಅಂಜಿಕಿ’ ಬಾಯಲ್ಲೇ ಇವೆ. ಆ ಕಡೆಯವರು ದಯವಿಟ್ಟು ತಿಳಿಸಿ: ‘ಅವನು ಅವರನ್ನು ಅಂಜಿಸಿ ಕೆಲಸ ಮಾಡಿಸಿಕೊಂಡ’ ಎನ್ನುವಾಗ ಕೂಗಾಟ, ಹೊಡೆದಾಟ ಇಲ್ಲದ ಅಂಜಿಸುವಿಕೆಯೂ ಅದರಲ್ಲಿ ಸೇರುತ್ತದೆಯೇ? ಕರಾವಳಿ, ಮಲೆನಾಡಿನವರು ದನಿ ಏರಿಸದೆ ಎದುರಿನವನನ್ನು ಬಗ್ಗಿಸುವುದಕ್ಕೆ ಏನನ್ನುತ್ತೀರಿ? ಭಾನುವಾರದೊಳಗೆ ಉತ್ತರ ಬಂದರೆ ಹೊಸ ಹಾಳೆಗೆ ಅದನ್ನೇ ಹಾಕುತ್ತೇನೆ.