ದಿನಾ ಮಲ್ಪೆ ಬೀಚಿನ ಹೊಯ್ಗೆಯಲ್ಲಿ ಹಾರಿದರೂ ಜಂಪ್ ಏರುವುದಿಲ್ಲ, ಎಂತ ಮಾಡುವುದು?

ನೆಟ್_ಬ್ಲಾಕರ್:
ವಾಲಿಬಾಲ್, ಮಿಡಲ್ ಬ್ಲಾಕರ್. 19 ವರ್ಷ, 70 ಕೆಜಿ. ವಾರಕ್ಕೆ ಆರು ಸಂಜೆ ಹೊಯ್ಗೆಯಲ್ಲಿ 200 ಜಂಪ್. ಸ್ಕ್ವಾಟ್ (ಭುಜದ ಮೇಲೆ ಭಾರ ಹೊತ್ತು ಕೂತು ಏಳುವುದು) 60 ಕೆಜಿ. ನಿಂತಲ್ಲಿಂದ ಜಂಪ್ ಎರಡು ತಿಂಗಳಿಂದ 52 ಸೆಂ.ಮೀ.ನಲ್ಲೇ ಉಂಟು. ಈಗ ಮೊಣಕಾಲ ಚಿಪ್ಪಿನ ಕೆಳಗೆ ನೋವು ಬೇರೆ. ಡೆಪ್ತ್ ಜಂಪ್, ಅಂದರೆ ಬಾಕ್ಸಿನ ಮೇಲಿಂದ ಕೆಳಗೆ ಬಿದ್ದು ಕೂಡಲೇ ಮೇಲೆ ಹಾರುವುದು, ಶುರು ಮಾಡಬಹುದಾ?

ಅಜ್ಜರಕಾಡು_ಟ್ರ್ಯಾಕ್:
ಈಗ ಬೇಡ ಮಾರಾಯ್ರೆ. 200 ಜಂಪ್ ದಮ್ಮು ಹೆಚ್ಚಿಸುವ ಕಸರತ್ತು. ಸುಸ್ತಾದ ಮೇಲೆ ಹಾರಿದ್ದೆಲ್ಲ ನಿಧಾನ ಹಾರುವುದರ ಅಭ್ಯಾಸವೇ ಆಗ್ತದೆ. ವಾರಕ್ಕೆ ಎರಡೇ ದಿನ ಸಾಕು, ನಡುವೆ 48 ಗಂಟೆಯಾದರೂ ಬಿಡಿ. 5 ಸೆಟ್, ಸೆಟ್ಟಿಗೆ 4 ಜಂಪ್, ಪ್ರತಿಯೊಂದೂ ಪೂರ್ತಿ ಜೋರಿನಲ್ಲಿ. ಸೆಟ್ಟುಗಳ ನಡುವೆ 2-3 ನಿಮಿಷ ಸುಮ್ಮನೆ ಕೂರಬೇಕು. ಹುಡುಗರಿಗೆ ಕಷ್ಟ ಆಗುವುದು ಅದೇ! ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆ ಮುಟ್ಟಿ. ಗುರುತು ಮೊದಲಿನದ್ದಕ್ಕಿಂತ 3 ಸೆಂ.ಮೀ. ಕೆಳಗೆ ಬಿತ್ತಾ, ಆ ದಿನದ್ದು ಮುಗೀತು.

ನಿಮ್ಮ ನಿಜವಾದ ಕೊರತೆ ಸ್ಕ್ವಾಟ್. ಮೈತೂಕಕ್ಕಿಂತ ಕಡಿಮೆ ಎತ್ತುವವರಿಗೆ ಬಲವೇ ಮೊದಲು. 4 ಸೆಟ್, 5 ಸಲ, ವಾರಕ್ಕೆ 2.5 ಕೆಜಿ ಏರಿಸಿ. ಇಳಿಯುವುದು ನಿಧಾನಕ್ಕೆ, ಏಳುವುದು ಆದಷ್ಟು ಬೇಗ.

ಪಣಂಬೂರು_ಫಿಟ್:
ಹೊಯ್ಗೆಯ ತೊಂದರೆ ಬೇರೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ರಬ್ಬರಿನ ಹಾಗೆ ಎಳೆದು ಬಿಡಬೇಕು. ಪಾದ ಹುಗಿದರೆ ಆ ಬಲದಲ್ಲಿ ಒಂದು ಪಾಲು ಹೊಯ್ಗೆಗೇ ಹೋಗ್ತದೆ, ಕಾಲು ನೆಲದಲ್ಲಿ ಇರುವ ಹೊತ್ತೂ ಉದ್ದ ಆಗ್ತದೆ. ಇಳಿಯುವಾಗ ಪೆಟ್ಟು ಕಡಿಮೆ ಎನ್ನುವುದೊಂದೇ ಲಾಭ. ಹುಲ್ಲಿನ ಮೈದಾನವೋ ಮರದ ನೆಲವೋ ಹುಡುಕಿ. ಸಿಮೆಂಟಿನ ಅಂಗಳ ಬೇಡ. ಮಳೆಗಾಲದಲ್ಲಿ ಹುಲ್ಲೂ ಬೇಡ, ಜಾರ್ತದೆ.

ನೋವಿಗೆ ಎರಡು ವಾರ ಜಂಪ್ ತೀರಾ ಇಳಿಸಿ, ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತ ಹಾಗೆ 45 ಸೆಕೆಂಡ್, 5 ಸಲ. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ನೋವು ಹೆಚ್ಚಿದರೆ ನಿನ್ನೆ ಮಾಡಿದ್ದು ಜಾಸ್ತಿ ಆಯ್ತು ಅಂತ ಲೆಕ್ಕ. ಬಾವು ಬಂದರೆ ಫಿಸಿಯೋ ಹತ್ತಿರ ಹೋಗಿ.

ನೆಟ್_ಬ್ಲಾಕರ್:
ಸರಿ. ಮುಂದೆ ಡೆಪ್ತ್ ಜಂಪ್‌ಗೆ ಬಾಕ್ಸ್ ಎಷ್ಟು ಎತ್ತರ? ಇಂಟರ್‌ನೆಟ್‌ನಲ್ಲಿ 75 ಸೆಂ.ಮೀ. ಅಂತ ಉಂಟು.

ಅಜ್ಜರಕಾಡು_ಟ್ರ್ಯಾಕ್:
ಆ ಅಂಕಿ ಸೋವಿಯತ್ ಕೋಚ್ ಯೂರಿ ವೆರ್ಕೊಶಾನ್ಸ್ಕಿಯವರದ್ದು, ಮೊದಲೇ ಬಲ ಇದ್ದ ಜಂಪರ್‌ಗಳಿಗೆ. ನೋವು ಪೂರ್ತಿ ಹೋಗಿ ಸ್ಕ್ವಾಟ್ 100 ಕೆಜಿ ದಾಟಿದ ಮೇಲೆ ನೀವು 30 ಸೆಂ.ಮೀ.ನಿಂದ ಶುರು ಮಾಡಿ. ಬಾಕ್ಸಿನಿಂದ ಹಾರಬೇಡಿ, ಒಂದು ಕಾಲು ಮುಂದಿಟ್ಟು ಸುಮ್ಮನೆ ಬೀಳಿ. ನೆಲ ತಾಗಿದ ಕೂಡಲೇ ಮೇಲೆ. ಹಿಮ್ಮಡಿ 'ಧಡ್' ಅಂತ ಬಡಿದರೆ ಅಥವಾ ಮೊಣಕಾಲು ಒಳಗೆ ವಾಲಿದರೆ ಬಾಕ್ಸ್ ಇನ್ನೂ ತಗ್ಗಿಸಿ.