ಗಿರವಿ ಇಡಾಕ ಬರದ ಸರ

"ಅಲ್ಲಲೇ ಶಕ್ಕೂ, ಖೊಟ್ಟಿ ಸರಕ್ಕ ಎರಡೂವರಿ ಸಾವಿರ ಕೊಡಾಕ ಹೊಂಟಿಯಂತ, ಅದೂ ಹಳೇದಕ್ಕ! ಫ್ಯಾನ್ಸಿ ಸ್ಟೋರಿನ್ಯಾಗ ಹೊಸಾದ ಎರಡನೂರಕ್ಕ ಬರ್ತಾವಲ್ಲ?" ಅಂತ ಬಸ್ಯಾ ಬಾಯಾಗಿನ ಮಿರ್ಚಿ ಪೂರಾ ನುಂಗೂದ್ರೊಳಗ ಶುರು ಹಚ್ಚಿದ.

ಬಸ್ಯಾ ಅಂದ್ರ ನಮ್ಮ ಜೋಡಿ ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ ಓದಿದಾಂವ, ಈಗ ಒಂದ ಸೊಸೈಟಿಯೊಳಗ ಬಂಗಾರದ ಸಾಲದ ಸೆಕ್ಷನ್ ನೋಡ್ಕೋತಾನ. ಹಿಂಗಾಗಿ ಅವನ ಕಣ್ಣಿಗೆ ಬೋರಮಾಳ ಅಂದ್ರ ಬೋರಮಾಳ ಅಲ್ಲ, ಇಪ್ಪತ್ತ ಗ್ರಾಂ. ಮದವಿ ಮನ್ಯಾಗ ಊಟಕ್ಕ ಕುಂತ್ರ ಬಡಸಾಕ ಬಂದಾಕಿ ಕೊಳ್ಳ ನೋಡಿ "ಇದರಾಗ ಬಂಗಾರ ಕಡಿಮಿ, ಅರಗ ಭಾಳ" ಅಂತ ಬಾಜೂದವ್ರ ಕಿವ್ಯಾಗ ಊದೋ ಪೈಕಿ. ಅಂಥಾವನ ಮುಂದ ಹುಬ್ಬಳ್ಳಿ ದುರ್ಗದಬೈಲದಾಗ ಗಿರ್ಮಿಟ್ ತಿನಕೋತ ವಿಂಟೇಜ್ ಕಾಸ್ಟ್ಯೂಮ್ ನೆಕ್ಲೇಸಿನ, ಅಂದ್ರ ಹಳೇ ಕಾಲದ ಖೊಟ್ಟಿ ಸರದ ಮಾತ ತಗದ ಶಕ್ಕುನ ಧೈರ್ಯ ದೊಡ್ಡದ ಅನಬೇಕ.

"ಅದಕ್ಕ ಇತಿಹಾಸ ಐತೋ" ಅಂದ್ಳು ಶಕ್ಕು.

"ಇತಿಹಾಸ ಒತ್ತಿ ಇಟ್ಕೊಂಡ ಯಾರರ ಸಾಲ ಕೊಡ್ತಾರೇನ?"

ಇಲ್ಲಿಗೆ ವೀಣಾ ಬಾಯಿ ಹಾಕಿದ್ಳು. ಅಕಿ ಧಾರವಾಡದಾಗ ಫ್ಯಾಶನ್ ಡಿಸೈನ್ ಕಲಸ್ತಾಳ, ಒಮ್ಮಿ ಶುರು ಆದ್ಳಂದ್ರ ಚಹಾ ತಣ್ಣಗಾದ್ರೂ ಖಬರ ಇರಂಗಿಲ್ಲ. "ಪ್ಯಾರಿಸ್ಸಿನ್ಯಾಗ ಸ್ಟ್ರಾಸ್ ಅಂತ ಒಬ್ಬ ಅಕ್ಕಸಾಲಿ ಇದ್ದನೋ ಬಸ್ಯಾ, ಸೀಸದ ಗಾಜ ಕಡದ ವಜ್ರದ ಹಂಗ ಥಳಥಳ ಅನ್ನೋ ಹರಳ ಮಾಡಿ ಊರೆಲ್ಲಾ ಮಾರಿದ, 1734ರಾಗ ಅವಗ ರಾಜಾ ಏನ ಮಾಡಿದ ಹೇಳ?"

"ಒಳಗ ಹಾಕಿರಬೇಕ, ಮತ್ತೇನ."

"ಅರಮನಿಗೇ ಕರಕೊಂಡ, ರಾಜನ ಅಕ್ಕಸಾಲಿ ಆದ ಅಂವ!"

ಬಸ್ಯಾ ಲೊಚಗುಟ್ಟಿದ. ಅವನ ಸೆಕ್ಷನ್ನಿನ್ಯಾಗ ಇಂಥಾ ಕೇಸ್ ಬಂದ್ರ ಪೊಲೀಸರಿಗೆ ಫೋನ್ ಹೋಗ್ತಿತ್ತ.

"ಇನ್ನ 1920ರ ದಶಕಕ್ಕ ಬಾ. ಪ್ಯಾರಿಸ್ಸಿನ ಫ್ಯಾಶನ್ ಡಿಸೈನರ್ ಕೊಕೊ ಶನೆಲ್ ಖರೇ ಮುತ್ತು ಖೊಟ್ಟಿ ಮುತ್ತು ಎರಡೂ ಕೂಡಿಸಿ ಎದಿ ತುಂಬ ಹಾಕ್ಕೊಂಡ ಅಡ್ಡಾಡಿದ್ಳು, ಗ್ರಿಪ್ವಾ ಅನ್ನೋ ಮನಿತನದವ್ರ ಕಡೆ ಗಾಜ ಕರಗಿಸಿ ಸರ ಮಾಡಿಸಿದ್ಳು..."

"ನಮ್ಮ ಅತ್ತೀನೂ ಹಂಗ ಮಾಡ್ತಾಳವಾ, ತಾಳಿ ಒಂದ ಖರೇದ, ಉಳದದ್ದೆಲ್ಲಾ ಒನ್ ಗ್ರಾಂ."

"ಅತ್ತಿ ಅದನ್ನ ಮಂದಿಗೆ ಹೇಳ್ತಾಳೇನ?"

"ಹೇಳಿದ್ರ ಮುಗೀತಲ್ಲ! ದೇವರ ಮುಂದೂ ಹೇಳಂಗಿಲ್ಲ."

"ಶನೆಲ್ ಮುಚ್ಚಿಡಲಿಲ್ಲ. ಖೊಟ್ಟಿ ಅಂತ ಗೊತ್ತಿದ್ದೂ ರೊಕ್ಕ ಇದ್ದವ್ರ ಹೆಂಡರ ಪಾಳಿ ಹಚ್ಚಿ ತಗೊಂಡ್ರ. ಅಲ್ಲೀತನಕಾ ಸರ ಅಂದ್ರ ಗಂಡನ ಐಶ್ವರ್ಯದ ಬೋರ್ಡ್ ಇದ್ದಂಗ ಇತ್ತ, ಆಮ್ಯಾಲೆ ಹಾಕ್ಕೊಂಡಾಕಿ ಇಷ್ಟದ ಮಾತಾತ." ವೀಣಾ ಉಸುರ ತಗೊಂಡ್ಳು. "ಅಕಿಗೆ ಎದುರಾಳಿ ಒಬ್ಬಾಕಿ ಇದ್ಳು, ಎಲ್ಸಾ ಶಿಯಾಪರೆಲ್ಲಿ ಅಂತ. 1938ರಾಗ ಒಂದ ಸರ ಮಾಡಿದ್ಳು ನೋಡ, ಆರಪಾರ ಕಾಣೋ ಪ್ಲಾಸ್ಟಿಕ್ ಪಟ್ಟಿ ಮ್ಯಾಲೆ ಲೋಹದ ಹುಳಾ ಕೂಡಿಸಿದ್ದ. ದೂರಿಂದ ಪಟ್ಟಿ ಕಾಣಂಗಿಲ್ಲ, ಕೊಳ್ಳ ಮ್ಯಾಲೆ ಬರೇ ಹುಳಾ ಹರದಾಡಿದಂಗ ಕಾಣಸ್ತಾವ."

"ನಮ್ಮ ಕಡೆ ಅದನ್ನ ಹಾಕ್ಕೊಂಡ ಸೀಮಂತಕ್ಕ ಹೋದ್ರ ಮೊದಲ ಹುಳದ ಔಷಧ ಹೊಡದ, ಆಮ್ಯಾಲೆ ಉಡಿ ತುಂಬ್ತಾರ" ಅಂದ ಬಸ್ಯಾ, ಗಿರ್ಮಿಟ್ ಅಂಗಡಿಯಾಂವನೂ ನಕ್ಕ.

ಆದ್ರ ನನಗ ನಗುವಾಗ್ಲೂ ತಲ್ಯಾಗ ಬ್ಯಾರೇದ ಓಡಾಡಾಕ ಹತ್ತಿತ್ತ. ನಮ್ಮ ಅಜ್ಜಿಗೆ ಒಂದ ಪುತಳಿ ಸರ ಇತ್ತಂತ. ಇತ್ತಂತ ಅಷ್ಟ, ನಾ ನೋಡಿಲ್ಲ, ಯಾಕಂದ್ರ ಅದನ್ನ ಕರಗಿಸಿ ಅವ್ವಗ ನೆಕ್ಲೇಸ್ ಮಾಡಿಸಿದ್ರು, ಅದನ್ನ ಕರಗಿಸಿ ನಮ್ಮ ವೈನಿಗೆ ಎರಡೆಳಿ ಚೈನ್ ಮಾಡಿಸಿದ್ರು, ಈಗ ವೈನಿ ಮಗಳ ನಂಗ ಚೋಕರ್ ಬೇಕ ಅಂತ ಕುಂತಾಳ. ಅಜ್ಜಿದು ಕೆಂಪ ಗಾಜಿನ ಮಣಿ ಸರ ಮಾತ್ರ ಹಂಗ ಐತಿ, ಅದನ್ನ ಕರಗಿಸಿ ಯಾರಿಗೇನ ಮಾಡಿಸ್ತೀರಿ? ವೀಣಾಗ ಹೇಳಿದೆ, ಅಕಿ ಖುಷಿಯಾಗಿ "ಅಲ್ಲೂ ಹಂಗ ಆಗೇತಲೇ, ಖರೇ ವಜ್ರದ ಸರ ಬಿಚ್ಚಿ ಬಿಚ್ಚಿ ಹೊಸಾ ಫ್ಯಾಶನ್ನಿಗೆ ಕೂಡಿಸಿದ್ರು, ಗಾಜಿನ ಹರಳಿನವನ್ನ ಬಿಚ್ಚಿ ಲಾಭ ಇಲ್ಲಂತ ಬಿಟ್ರು, ಹಿಂಗಾಗಿ 18ನೇ ಶತಮಾನದಾಗ ಹರಳ ಹೆಂಗ ಕೂಡಸ್ತಿದ್ರು ನೋಡಬೇಕಂದ್ರ ಭಾಳ ಸಲ ಈ ಖೊಟ್ಟಿಯವನ್ನ ನೋಡಬೇಕ" ಅಂದ್ಳು. ಅಂದ್ರ ಫ್ಯಾಶನ್ನಿನ ದಾಖಲಾತಿ ಕಾಯ್ದಿಟ್ಟದ್ದು ಗಿರವಿ ಇಡಾಕ ಬರದ ಮಾಲ!

ಬಸ್ಯಾಗ ಇದು ತನ್ನ ಸೆಕ್ಷನ್ನಿಗೆ ಆದ ಅವಮಾನ ಅನಿಸ್ತು. "ಏನರ ಹೇಳ್ರಿ, ಬಂಗಾರ ಬಂಗಾರನ."

"1963ರಾಗ ಮೊರಾರ್ಜಿ ದೇಸಾಯಿ ಹೊಸಾ ಒಡವಿ 14 ಕ್ಯಾರೆಟ್ ದಾಟಬಾರದು ಅಂತ ಕಾಯ್ದೆ ತಂದಾಗ ನಿನ್ನ ಬಂಗಾರನೂ ಅರ್ಧಕ್ಕರ್ಧ ತಾಮ್ರದ ಜೋಡಿ ಸಂಸಾರ ಮಾಡೇತಿ, ಸುಮ್ಮ ಕುಂದ್ರ" ಅಂದ್ಳು ವೀಣಾ. ಆಮ್ಯಾಲೆ ಕಡೀ ಬಾಣ ಬಿಟ್ಳು. "ಜಾಕಿ ಕೆನಡಿ, ಅಮೆರಿಕಾದ ಅಧ್ಯಕ್ಷನ ಹೇಣ್ತಿ, ಅಕಿದೊಂದ ಮೂರೆಳಿ ಖೊಟ್ಟಿ ಮುತ್ತಿನ ಸರ 1996ರಾಗ ನ್ಯೂಯಾರ್ಕಿನ್ಯಾಗ ಹರಾಜಿಗೆ ಬಂತ. ಐದನೂರರಿಂದ ಏಳನೂರ ಡಾಲರ್ ಬರಬಹುದು ಅಂದಿದ್ರು. ಎಷ್ಟಕ್ಕ ಹೋತ ಹೇಳ?"

"ಸಾವಿರ?"

"ಎರಡ ಲಕ್ಷದ ಹನ್ನೊಂದ ಸಾವಿರದ ಐದನೂರ ಡಾಲರ್!"

ಬಸ್ಯಾ ಪ್ಲೇಟ್ ಕೆಳಗಿಟ್ಟ. ಅಂವ ಗಿರ್ಮಿಟ್ ಅರ್ಧಕ್ಕ ಬಿಟ್ಟದ್ದ ನಾವ್ಯಾರೂ ಹಿಂದ ನೋಡಿದ್ದಿಲ್ಲ. ಮುತ್ತಿಗಲ್ಲ, ಆ ಕೊಳ್ಳಿಗೆ ರೊಕ್ಕ ಕೊಟ್ಟಾರ ಅಂತ ನಾ ಸಮಾಧಾನ ಹೇಳಿದೆ, ಕಿವಿಗೆ ಹೋಗಲಿಲ್ಲ.

ಶಕ್ಕು ಸರ ನೋಡಿಟ್ಟಿದ್ದ ಅಂಗಡಿ ಅಲ್ಲೇ ಸಂದಿಯೊಳಗಿತ್ತ. ಬಳಿ, ರಿಬ್ಬನ್, ಟಿಕಳಿ ಎಲ್ಲಾ ನಡುವ ಅಂಗಡಿ ಕಾಕಾ ಅಟ್ಟದ ಮ್ಯಾಲಿಂದ ಇಳಿಸಿದ ಒಂದ ತಗಡಿನ ಡಬ್ಬಿ. ಮುಚ್ಚಳದ ಮ್ಯಾಲೆ ಹಳದಿಗಟ್ಟಿದ ಚೀಟಿ, 'ಮೇಡ್ ಇನ್ ಚೆಕೊಸ್ಲೊವಾಕಿಯಾ'. ಒಳಗ ನೀಲಿ ಗಾಜಿನ ಮಣಿ ಸರ.

"ಆ ದೇಶನ ಇಲ್ಲಲ್ರಿ ಈಗ, 1992ಕ್ಕ ಮುಗದ ಹೋತ. ಗ್ಯಾರಂಟಿ ಯಾರ ಕೊಡ್ತಾರ?" ಅಂದ ಬಸ್ಯಾ.

"ದೇಶ ಹೋದ್ರೂ ಮಣಿ ಒಡದಿಲ್ಲಲ್ರಿ" ಅಂದ್ರು ಕಾಕಾ. "ಬ್ರಿಟಿಷರ ಕಾಲದ್ದು ಅಕ್ಕಾರ, ನೂರ ವರ್ಷದ ಮಾಲ."

ವೀಣಾ ಸರ ತಗೊಂಡವಳ ಮುಂದಿನ ಭಾಗ ನೋಡಲೇ ಇಲ್ಲ, ಸೀದಾ ಹಿಂದ ತಿರುವಿದ್ಳು. ಹುಕ್ ನೋಡಿದ್ಳು, ಏಡಿ ಕೊಂಡಿಯಂಗ ಕಚ್ಚೋ ಈಗಿನ ಲಾಬ್‌ಸ್ಟರ್ ಹುಕ್ ಇದ್ರ ಹುಕ್ ಬದಲಿ ಆಗಿರಬೇಕ ಇಲ್ಲಾ ಸರಾನ ಹೊಸಾದ, ಇದು ತಿರುಪಿನದಿತ್ತ. ಮಣಿ ಗಲ್ಲಕ್ಕ ಹಚ್ಚಿದ್ಳು, ತಣ್ಣಗ ಕೊರದ್ರ ಗಾಜ, ಬೆಚ್ಚಗಿದ್ರ ಪ್ಲಾಸ್ಟಿಕ್. ಲೋಹದ ಸಂದ್ಯಾಗ ಹಸರ ಕಿಲುಬ ಐತೇನು ಅಂತ ಉಗರಿಲೆ ಕೆರದ್ಳು. ಕಾಕಾನ ಮಾರಿ ಮಗಳ ನೋಡಾಕ ಬಂದ ಬೀಗರ ಮುಂದ ಕುಂತಂಗ ಆಗಿತ್ತ.

"ಕಾಕಾರ, ಮಣಿ ಮ್ಯಾಲೆ ಕಾಮನಬಿಲ್ಲಿನ ಬಣ್ಣ ಆಡ್ತೈತಲ್ರಿ, ಈ ಲೇಪ ಆಸ್ಟ್ರಿಯಾದ ಹರಳ ಮಾಡೋ ಸ್ವರೋವ್ಸ್ಕಿಯವ್ರು ಪ್ಯಾರಿಸ್ಸಿನ ಡಿಸೈನರ್ ಡಿಯೋರ್ ಜೋಡಿ ಕೂಡಿ 1956ರಾಗ ತಂದದ್ದು. ಬ್ರಿಟಿಷರು 47ಕ್ಕ ಹೋದ್ರು."

ಕಾಕಾ ಒಂದ ಗಳಿಗಿನೂ ತಡೀಲಿಲ್ಲ. "ಹೋದ ಮ್ಯಾಲೆ ಕಳಿಸಿರಬೇಕ್ರಿ."

ಇಂಥಾ ಉತ್ತರಕ್ಕ ಕೋರ್ಟಿನ್ಯಾಗೂ ಮರು ಪ್ರಶ್ನಿ ಇಲ್ಲ. ನಾವ ನಕ್ಕ ಮುಗಸೂದ್ರೊಳಗ ಶಕ್ಕು ಚೌಕಾಸಿ ಚಾಲೂ ಮಾಡಿ ಎರಡೂವರಿ ಸಾವಿರದ್ದನ್ನ ಹದಿನೆಂಟನೂರಕ್ಕ ಇಳಿಸಿದ್ಳು, ಬಸ್ಯಾನೂ ಹುರುಪ ಬಂದು ಹಿಂದಿಂದ "ಪಾಲಿಶ್ ಹೋಗೇತಿ ನೋಡ್ರಿ, ಕಡಿಮಿ ಮಾಡ್ರಿ" ಅಂತ ಕೈಗೂಡಿಸಿದ. ಗಾಜಿಗ್ಯಾವ ಪಾಲಿಶೋ ಏನೋ, ಕಾಕಾಗೂ ಗೊತ್ತಾತು, ಆದ್ರೂ ಇಳದ್ರು.

ರೊಕ್ಕಾ ಕೊಟ್ಟ ಶಕ್ಕು ಡಬ್ಬಿಗೆ ಕೈ ಹಾಕಿದ್ಳು. ಕಾಕಾ ಲಗೂನ ಹಿಂದಕ್ಕ ಎಳಕೊಂಡ್ರು.

"ಸರ ಒಯ್ರಿ ಅಕ್ಕಾರ, ಡಬ್ಬಿ ಬ್ಯಾಡ್ರಿ."

"ಯಾಕ್ರಿ? ಚೀಟಿ ಅದರ ಮ್ಯಾಲೈತಿ!"

"ಅದಕ್ಕ ಅಂದೆನ್ರಿ. ಒಳಗ ಇನ್ನೂ ಸರ ಅದಾವ, ಚೀಟಿ ಇದ್ರನ ಅವು ಖರ್ಚ ಆಗ್ತಾವ."

ವೀಣಾ ಸರದ ಹುಕ್ ಮತ್ತೊಮ್ಮಿ ತಿರುವಿ ನೋಡಾಕ ಹತ್ತಿದ್ಳು. ಶಕ್ಕು ಕೌಂಟರ್ ಮ್ಯಾಲೆ ಕೈ ಚಾಚಿ, "ಹಂಗಿದ್ರ ಎರಡನೂರ ವಾಪಸ್ ಕೊಡ್ರಿ ಕಾಕಾರ, ಇತಿಹಾಸದ ರೊಕ್ಕಾ ಅದು" ಅಂದ್ಳು.

ಕಾಕಾ ನೂರರ ನೋಟ ಒಂದ ಕೊಟ್ಟು, ಮ್ಯಾಲೆ ಒಂದ ಟಿಕಳಿ ಪಾಕೀಟ ಇಟ್ರು.